ಎರೆ ಕೆಸರಿನ ಹದ: ಮೊಳಕೆ ಭತ್ತ ಬಿತ್ತಲು ಗದ್ದೆ ಸಿದ್ಧ ಮಾಡುವ ಬಗೆ

ನಾಟಿ ಮಾಡುವ ಗದ್ದೆಯಲ್ಲಿ ಸಣ್ಣಪುಟ್ಟ ತಪ್ಪುಗಳು ಮುಚ್ಚಿಹೋಗುತ್ತವೆ. 25 ದಿನದ ಸಸಿ ಗೇಣುದ್ದ ಇರುತ್ತದೆ. ನೀರು ಎರಡು ಬೆರಳು ಹೆಚ್ಚಾದರೂ ಅದರ ತಲೆ ಮೇಲೆಯೇ ಇರುತ್ತದೆ, ಕೆಸರು ತೆಳ್ಳಗಿದ್ದರೆ ನಾಟಿಯವರು ಬೆರಳಲ್ಲಿ ಒತ್ತಿ ನಿಲ್ಲಿಸುತ್ತಾರೆ. ಮೊಳಕೆ ಕಟ್ಟಿದ ಕಾಳನ್ನು ನೇರವಾಗಿ ಕೆಸರಿಗೆ ಬಿತ್ತಿದಾಗ ಈ ಆಸರೆ ಯಾವುದೂ ಇರುವುದಿಲ್ಲ. ಮೊಳಕೆಯ ಉದ್ದ ಒಂದೆರಡು ಮಿಲಿಮೀಟರ್. ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಮುಳುಗಿದರೆ ಅದಕ್ಕೆ ಉಸಿರು ಕಟ್ಟುತ್ತದೆ. ಬಿಗಿದ ಕೆಸರಿನ ಮೇಲೆ ಬಿದ್ದರೆ ಬೇರು ಇಳಿಯದೆ ಒಣಗುತ್ತದೆ. ಡ್ರಮ್ ಸೀಡರ್ (ತೂತುಳ್ಳ ಡ್ರಮ್ಮುಗಳಿಂದ ಸಾಲಾಗಿ ಬೀಜ ಉದುರಿಸುವ, ಎಳೆದುಕೊಂಡು ಹೋಗುವ ಯಂತ್ರ) ತಂದು ಒಂದು ಸಲ ಬಿತ್ತಿ, ಅರ್ಧ ಗದ್ದೆ ಮೊಳೆಯದೆ ಕೈಬಿಟ್ಟ ರೈತರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ದೂರುವುದು ಬೀಜವನ್ನು ಅಥವಾ ಯಂತ್ರವನ್ನು. ಕೆಟ್ಟದ್ದು ಸಾಮಾನ್ಯವಾಗಿ ಕೆಸರು.

ಇಲ್ಲಿ ಹೇಳುವುದು ತುಂಗಭದ್ರಾ ಅಚ್ಚುಕಟ್ಟಿನ ಎರೆ ಭೂಮಿಯ ಲೆಕ್ಕ: ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪ ಸುತ್ತಿನ ಕರಿಮಣ್ಣು. ಈ ಸೀಮೆಯಲ್ಲಿ ನೇರ ಬಿತ್ತನೆ ಎಂದರೆ ಎರಡು ಬೇರೆ ಬೇರೆ ಕೆಲಸ. ಕಾಲುವೆಗೆ ನೀರು ಬರುವ ಮೊದಲೇ ಒಣ ಮಣ್ಣಿನಲ್ಲಿ ಕೂರಿಗೆಯಿಂದ ಒಣ ಬೀಜ ಬಿತ್ತುವುದು ಒಂದು. ಕಾಲುವೆಯ ಕೊನೆಭಾಗದವರು ಹೆಚ್ಚಾಗಿ ಇದನ್ನು ಹಿಡಿದಿದ್ದಾರೆ. ಇನ್ನೊಂದು, ನೀರು ಬಂದ ಮೇಲೆ ಕೆಸರು ಮಾಡಿ ಮೊಳಕೆ ಬೀಜ ಬಿತ್ತುವುದು. ಎರಡನೆಯದು ನಾಟಿಗೆ ಹತ್ತಿರದ್ದೆಂದು ತೋರುವುದರಿಂದ, ನಾಟಿಗೆ ಮಾಡಿದ ಹಾಗೆಯೇ ಗದ್ದೆ ಸಿದ್ಧ ಮಾಡಿ ಬಿತ್ತಿಬಿಡುತ್ತಾರೆ. ಎಡವಟ್ಟು ಅಲ್ಲಿಂದಲೇ ಶುರು.

ಎರೆ ಮಣ್ಣಿನ ಸ್ವಭಾವ

ಎರೆ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು, ಅದೂ ನೀರು ಹೀರಿ ಉಬ್ಬುವ ಜಾತಿಯ ಜೇಡಿ. ಒದ್ದೆಯಾದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಬಿಟ್ಟ ಬಿರುಕು ಅರ್ಧ ಮೀಟರಿಗೂ ಆಳಕ್ಕೆ ಹೋಗಿರುತ್ತದೆ. ಹಿಗ್ಗಿದ ಮೇಲೆ ನೀರು ಇಂಗುವುದು ತೀರಾ ನಿಧಾನ. ಭತ್ತಕ್ಕೆ ಇದು ವರ. ಆದರೆ ಬಿತ್ತನೆಯ ಹೊತ್ತಿಗೆ ನೀರನ್ನು ಹೊರಗೆ ಹಾಕಬೇಕಾದಾಗ ಇದೇ ಗುಣ ಅಡ್ಡ ಬರುತ್ತದೆ: ತಗ್ಗಿನಲ್ಲಿ ನಿಂತ ನೀರು ತಾನಾಗಿ ಇಂಗಿಹೋಗುವುದಿಲ್ಲ, ದಾರಿ ಮಾಡಿಕೊಟ್ಟರೆ ಮಾತ್ರ ಹರಿದುಹೋಗುತ್ತದೆ.

ಇನ್ನೊಂದು ಗುಣ, ಕೆಸರು ತಳಕ್ಕೆ ಕೂರಲು ಹಿಡಿಯುವ ಸಮಯ. ಕೆಸರು ಕಲಕಿದಾಗ ಮರಳಿನ ಕಣ ಕ್ಷಣಗಳಲ್ಲಿ ಕೆಳಗಿಳಿಯುತ್ತದೆ. ಜೇಡಿಯ ಕಣ 0.002 ಮಿಲಿಮೀಟರಿಗಿಂತ ಸಣ್ಣದು. ಆ ಗಾತ್ರದ ಕಣ ನಿಂತ ತಿಳಿನೀರಿನಲ್ಲಿ ಹತ್ತು ಸೆಂಟಿಮೀಟರ್ ಇಳಿಯಲು ಸುಮಾರು 8 ಗಂಟೆ ಬೇಕು, ಇನ್ನೂ ಸಣ್ಣದಕ್ಕೆ ದಿನಗಳೇ ಬೇಕು. ಕೆಳಗಿಳಿದ ಮೇಲೂ ಅದು ಅಂಬಲಿಯ ಹಾಗೆ ನೀರನ್ನು ಹಿಡಿದುಕೊಂಡು ಕೂರುತ್ತದೆ. ಮಸಾರಿ (ಮರಳು ಬೆರೆತ ಕೆಂಪು ಮಣ್ಣಿನ) ಗದ್ದೆಯಲ್ಲಿ ಬೆಳಿಗ್ಗೆ ಕೆಸರು ಮಾಡಿ ಸಂಜೆಗೆ ಬಿತ್ತಬಹುದು. ಎರೆಯಲ್ಲಿ ಹಾಗೆ ಬಿತ್ತಿದ ಬೀಜ ಅಂಬಲಿಯೊಳಗೆ ಜಾರಿ, ಎರಡು ಮೂರು ಸೆಂಟಿಮೀಟರ್ ಕೆಳಗೆ ಹೋಗಿ ನಿಲ್ಲುತ್ತದೆ.

ಅಷ್ಟು ಆಳ ಏಕೆ ಮುಳುವಾಗುತ್ತದೆ? ನೀರು ತುಂಬಿದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಇದ್ದಬದ್ದ ಆಮ್ಲಜನಕವನ್ನು ಬೇಗನೆ ಮುಗಿಸುತ್ತವೆ. ಗಾಳಿಗೆ ತಾಗಿರುವ ಮೇಲಿನ ಕೆಲವು ಮಿಲಿಮೀಟರ್ ಪದರದಲ್ಲಿ ಮಾತ್ರ ಅದು ಉಳಿದಿರುತ್ತದೆ. ಬೇರೆ ಧಾನ್ಯಗಳಿಗೆ ಇಲ್ಲದ ಒಂದು ಶಕ್ತಿ ಭತ್ತಕ್ಕಿದೆ: ಆಮ್ಲಜನಕ ಇಲ್ಲದೆಯೂ ಅದರ ಮೊಳಕೆಯ ಹೊರಕವಚ ಮೇಲಕ್ಕೆ ಚಾಚುತ್ತದೆ. ಬೇರು ಮಾತ್ರ ಬರುವುದಿಲ್ಲ, ಹಸಿರೆಲೆಯೂ ಬಿಡುವುದಿಲ್ಲ. ತಗ್ಗಿನಲ್ಲಿ ಬಿತ್ತಿದ ಬೀಜವನ್ನು ಐದಾರು ದಿನದ ಮೇಲೆ ಕಿತ್ತು ನೋಡಿದರೆ ಬಿಳಿಚಿದ ಉದ್ದನೆಯ ಎಳೆ ಕಾಣುತ್ತದೆ, ಕೆಳಗೆ ಬೇರಿರುವುದಿಲ್ಲ. ಬೀಜ ಕಳಪೆಯಾಗಿದ್ದರೆ ಅಷ್ಟೂ ಚಾಚುತ್ತಿರಲಿಲ್ಲ. ಉಸಿರಿಗಾಗಿ ಹುಡುಕಿ ಸೋತ ಬೀಜದ ಗುರುತು ಅದು.

ಹಾಗಾಗಿ ಬೀಜ ಬೀಳಬೇಕಾದ ಜಾಗ ಕೆಸರಿನ ಮೇಲಿನ ಅರ್ಧ ಸೆಂಟಿಮೀಟರ್. ಅಲ್ಲಿ ಅದು ಅರ್ಧ ಹೂತು ಅರ್ಧ ಕಾಣುವಂತೆ ನಿಲ್ಲಬೇಕು. ಮುಂದೆ ಹೇಳುವ ಉಳುಮೆ, ನೀರು, ಹಲಗೆ (ಕೆಸರನ್ನು ಮಟ್ಟ ಮಾಡಲು ಎಳೆಯುವ ಪಟ್ಟಿ), ಕಾಯುವಿಕೆ ಎಲ್ಲವೂ ಆ ಅರ್ಧ ಸೆಂಟಿಮೀಟರಿಗಾಗಿ.

ನೀರು ಬರುವ ಮುಂಚಿನ ಕೆಲಸ

ಹಿಂದಿನ ಬೆಳೆ ಕೊಯ್ದ ಮೇಲೆ ಮಣ್ಣಿನಲ್ಲಿ ಇನ್ನೂ ಪಸೆ ಇರುವಾಗಲೇ ಕಲ್ಟಿವೇಟರ್ ಅಥವಾ ರೋಟವೇಟರ್‌ನಿಂದ ಮೇಲುಮೇಲೆ ಒಂದು ಸಾಲು ಹೊಡೆಯುವುದು ಒಳ್ಳೆಯದು. ಸಡಿಲವಾದ ಮೇಲ್ಮಣ್ಣು ಬಿರುಕುಗಳ ಬಾಯಿ ಮುಚ್ಚುತ್ತದೆ. ಮುಚ್ಚದೆ ಬಿಟ್ಟ ಗದ್ದೆಗೆ ಕಾಲುವೆ ನೀರು ಬಿಟ್ಟಾಗ ಅದು ಮಣ್ಣನ್ನು ನೆನೆಸುವ ಮೊದಲು ಬಿರುಕಿಗೆ ಇಳಿದು ಮಾಯವಾಗುತ್ತದೆ. ಒಂದು ಎಕರೆಯಲ್ಲಿ ಒಂದು ಸೆಂಟಿಮೀಟರ್ ನೀರು ಎಂದರೆ 40 ಸಾವಿರ ಲೀಟರ್. ಎರೆಯಲ್ಲಿ ಗದ್ದೆ ತಯಾರಿಗೆ 15ರಿಂದ 25 ಸೆಂಟಿಮೀಟರ್ ಹಿಡಿಯುವುದು ಸಾಮಾನ್ಯ. ಬಿರುಕು ಮುಚ್ಚುವ ಒಂದು ಸಾಲಿನ ಡೀಸೆಲ್ ಈ ಲೆಕ್ಕದ ಮುಂದೆ ದೊಡ್ಡದಲ್ಲ. ಪೂರ್ತಿ ಒಣಗಲು ಬಿಟ್ಟರೆ ಹೆಂಟೆ ಕಲ್ಲಿನಂತಾಗುತ್ತದೆ, ತೀರಾ ಹಸಿಯಲ್ಲಿ ಹೊಡೆದರೆ ಮಣ್ಣು ಮೇಣದಂತೆ ಮೆತ್ತಿಕೊಳ್ಳುತ್ತದೆ. ಎರೆಯಲ್ಲಿ ಈ ಎರಡರ ನಡುವಿನ ಹದ ಕೆಲವೇ ದಿನ ಸಿಗುತ್ತದೆ.

ಕೂಳೆ ಮತ್ತು ಕಟಾವು ಯಂತ್ರ ಬಿಟ್ಟುಹೋದ ಹುಲ್ಲು ಈ ಹಂತದಲ್ಲೇ ಮಣ್ಣಿಗೆ ಸೇರಬೇಕು. ಭತ್ತದ ಹುಲ್ಲು ಕೊಳೆಯುವುದು ನಿಧಾನ. ಹಸಿ ಕೆಸರಿನಲ್ಲಿ ಕೊಳೆಯುತ್ತಿರುವಾಗ ಅದು ಸಾವಯವ ಆಮ್ಲಗಳನ್ನೂ ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನೂ ಬಿಡುತ್ತದೆ, ಮೇಲಾಗಿ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುತ್ತದೆ. ನಾಟಿಯ ಸಸಿ ಇದನ್ನು ತಡೆದುಕೊಳ್ಳುತ್ತದೆ, ಮೊಳಕೆಯ ಎಳೆಬೇರು ಕಪ್ಪಾಗಿ ಸಾಯುತ್ತದೆ. ಹುಲ್ಲು ಸೇರಿಸುವುದಕ್ಕೂ ಬಿತ್ತುವುದಕ್ಕೂ ನಡುವೆ ಕಡಿಮೆಯೆಂದರೆ ಮೂರು ವಾರ ಇರಲಿ. ಅಷ್ಟು ಸಮಯ ಸಿಗದಿದ್ದರೆ ಹುಲ್ಲನ್ನು ಹೊರಗೆ ತೆಗೆದು ದನಕ್ಕೆ ಕೊಡುವುದೇ ಮೇಲು. ಸುಡುವುದು ಬೇಡ, ಈ ಮಣ್ಣಿಗೆ ಸಾವಯವ ಅಂಶದ ಕೊರತೆ ಮೊದಲೇ ಇದೆ. ಬಿತ್ತುವ ಮುಂಚೆ ಗದ್ದೆಯಲ್ಲಿ ಕಾಲಿಟ್ಟಾಗ ಗುಳ್ಳೆ ಎದ್ದು ದುರ್ವಾಸನೆ ಬಂದರೆ ನೀರು ತೆಗೆದು ಎರಡು ಮೂರು ದಿನ ಗಾಳಿಯಾಡಲು ಬಿಡಬೇಕು.

ಮಟ್ಟ ಮಾಡುವ ಮುಖ್ಯ ಕೆಲಸವೂ ಒಣಗಿದ್ದಾಗಲೇ ಆಗಬೇಕು. ಲೇಸರ್ ಲೆವೆಲರ್ (ಲೇಸರ್ ಕಿರಣದ ಅಳತೆಗೆ ನೆಲ ಮಟ್ಟ ಮಾಡುವ ಯಂತ್ರ) ಬಾಡಿಗೆಗೆ ಸಿಕ್ಕರೆ ಬೇಸಿಗೆಯಲ್ಲಿ ಒಮ್ಮೆ ಹೊಡೆಸುವುದು ಹಲವು ಬೆಳೆಗಳಿಗೆ ಉಪಯೋಗಕ್ಕೆ ಬರುವ ಖರ್ಚು. ಗುರಿ ಇಷ್ಟೇ: ಮಡಿಯ (ಸುತ್ತ ಬದು ಇರುವ ಗದ್ದೆಯ ಒಂದು ತುಂಡಿನ) ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿಗೂ ಐದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅದಕ್ಕಿಂತ ಹೆಚ್ಚಾದರೆ ದಿಬ್ಬ ಒಣಗಿ ಕಳೆ ತುಂಬುವ ಹೊತ್ತಿಗೆ ತಗ್ಗಿನ ಬೀಜ ನೀರಿನಲ್ಲಿ ಸಾಯುತ್ತಿರುತ್ತದೆ. ಒಂದೇ ಮಡಿಯಲ್ಲಿ ಎರಡು ಕಡೆಗೂ ಸರಿಹೋಗುವ ನೀರಿನ ಮಟ್ಟ ಎಂಬುದು ಆಗ ಇರುವುದೇ ಇಲ್ಲ. ದೊಡ್ಡ ಮಡಿ ಮಟ್ಟಕ್ಕೆ ಬಾರದಿದ್ದರೆ ನಡುವೆ ಒಂದು ಬದು ಹಾಕಿ ಎರಡು ಮಡಿ ಮಾಡಿಕೊಳ್ಳಿ.

ಬದುಗಳನ್ನು ಈಗಲೇ ಸರಿಪಡಿಸಬೇಕು. ಇಲಿ ಮತ್ತು ಏಡಿಯ ಬಿಲಗಳನ್ನು ಅಗೆದು ಮುಚ್ಚಿ, ಕೆಸರಾದ ಮೇಲೆ ಬದುವಿನ ಒಳಮೈಗೆ ಹಸಿ ಕೆಸರು ಮೆತ್ತಬೇಕು. ಜೊತೆಗೆ ಒಂದು ವಿಷಯವನ್ನು ಪಕ್ಕದವರೊಂದಿಗೆ ಮೊದಲೇ ಮಾತಾಡಿಕೊಳ್ಳಬೇಕು: ನಿಮ್ಮ ಗದ್ದೆಗೆ ನೀರು ಬರುವುದು ಮೇಲಿನ ಮಡಿಯಿಂದ ಹಾಯ್ದೇ? ಹಾಗಿದ್ದರೆ ಅವರು ನೀರು ಬಿಟ್ಟಾಗಲೆಲ್ಲ ನಿಮ್ಮ ಬೀಜ ಮುಳುಗುತ್ತದೆ, ನೀವು ನೀರು ತೆಗೆದರೆ ಕೆಳಗಿನವರ ಗದ್ದೆ ತುಂಬುತ್ತದೆ. ಮಡಿಯ ಪಕ್ಕದಲ್ಲೇ ಒಂದು ಸಣ್ಣ ಕಾಲುವೆ ತೆಗೆದು ಹಾಯುವ ನೀರನ್ನು ಅದಕ್ಕೆ ತಿರುಗಿಸಿಕೊಳ್ಳದೆ ಇಂಥ ಕಡೆ ಮೊಳಕೆ ಬಿತ್ತನೆಗೆ ಕೈಹಾಕಬೇಡಿ. ಒಳಬರುವ ಬಾಯಿ, ಹೊರಹೋಗುವ ಬಾಯಿ ಎರಡೂ ನಿಮ್ಮ ಕೈಯಲ್ಲೇ ಇರಬೇಕು.

ಮೊದಲ ಕೆಸರು, ಆಮೇಲೆ ಕಾಯುವುದು

ಬಿತ್ತುವ ದಿನಕ್ಕೆ 15ರಿಂದ 18 ದಿನ ಮೊದಲು ನೀರು ಹಾಯಿಸಿ ಎರಡು ಮೂರು ದಿನ ನೆನೆಯಲು ಬಿಡಿ. ಹೆಂಟೆಯನ್ನು ಬೆರಳಲ್ಲಿ ಒತ್ತಿದರೆ ಒಳತಿರುಳೂ ಮೆತ್ತಗಿರಬೇಕು. ಹೊರಗೆ ಜಿಗುಟಾಗಿ ಒಳಗೆ ಗಟ್ಟಿಯಿದ್ದರೆ ಕೇಜ್ ವೀಲ್ (ಕೆಸರಿಗಾಗಿ ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಗಾಲಿ) ಅದನ್ನು ಒಡೆಯದೆ ಕೆಸರಿನೊಳಗೆ ತಳ್ಳುತ್ತದೆ. ಮಟ್ಟ ಸರಿಯಾಗಿ ಕಂಡ ಗದ್ದೆಯಲ್ಲಿ ಹತ್ತು ದಿನದ ಮೇಲೆ ಗುಂಡಿ, ಉಬ್ಬು ಏಳುವುದು ಈ ಅರೆಬೆಂದ ಹೆಂಟೆಗಳಿಂದಲೇ.

ಮೊದಲ ಕೆಸರಿಗೆ ಐದರಿಂದ ಏಳು ಸೆಂಟಿಮೀಟರ್ ನೀರು ನಿಂತಿರಲಿ. ಕಡಿಮೆಯಾದರೆ ಮಣ್ಣು ಗಾಲಿಗೆ ಸುತ್ತಿಕೊಳ್ಳುತ್ತದೆ. ಹೆಚ್ಚಾದರೆ ಹೆಂಟೆ ಎಲ್ಲಿದೆ ಎಂದು ಚಾಲಕನಿಗೆ ಕಾಣುವುದಿಲ್ಲ, ತೆರೆಯೆದ್ದು ಹುಲ್ಲುಕಡ್ಡಿಯೆಲ್ಲ ಒಂದು ಮೂಲೆಗೆ ಬಂದು ಸೇರುತ್ತದೆ. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಎರಡು ಸಾಲು ಸಾಕು. ಕೆಸರಿನ ಆಳ 10ರಿಂದ 12 ಸೆಂಟಿಮೀಟರ್ ಇದ್ದರೆ ಸಾಕು. ಕಾಲಿನ ಗಿಣ್ಣಿನವರೆಗೆ ಹೂತರೆ ಸರಿ, ಮೊಣಕಾಲಿನ ಹತ್ತಿರ ಹೋದರೆ ಅತಿಯಾಗಿದೆ.

ನಾಟಿಯ ಅಭ್ಯಾಸ ಇಲ್ಲಿ ಅಡ್ಡ ಬರುತ್ತದೆ. ನಾಟಿಯವರ ಬೆರಳಿಗೆ ಮೃದುವಾಗಲಿ ಎಂದು ಮೂರು ನಾಲ್ಕು ಸಲ ಹೊಡೆಸುವ ರೂಢಿಯಿದೆ. ಎರೆಯಲ್ಲಿ ಪ್ರತಿ ಹೆಚ್ಚುವರಿ ಸಾಲೂ ಜೇಡಿಯನ್ನು ಇನ್ನಷ್ಟು ಬಿಡಿಸಿ ಅಂಬಲಿಯನ್ನು ಆಳ ಮಾಡುತ್ತದೆ. ನೀರು ಇಂಗದಂತೆ ತಡೆಯಲು ಅಷ್ಟು ಹೊಡೆಯಬೇಕಾಗುವುದು ಮರಳು ಮಿಶ್ರಿತ ಮಣ್ಣಿನಲ್ಲಿ. ಎರೆ ಉಬ್ಬಿ ತಾನೇ ಮುಚ್ಚಿಕೊಳ್ಳುತ್ತದೆ. ಭಾರದ ಟ್ರ್ಯಾಕ್ಟರ್ ಕೂಡ ಬೇಡ. ಕೆಳಗಿನ ಗಟ್ಟಿ ಪದರ ಒಡೆದ ಜಾಗದಲ್ಲಿ ಮುಂದಿನ ವರ್ಷವೂ ಟ್ರ್ಯಾಕ್ಟರ್ ಹೂಳುತ್ತದೆ, ಕಟಾವು ಯಂತ್ರವೂ ಹೂಳುತ್ತದೆ.

ಈಗ ನೀರು ಬಸಿದು, ಗದ್ದೆಯನ್ನು ಬರೀ ತೇವವಾಗಿ 7ರಿಂದ 10 ದಿನ ಬಿಡಿ. ಈ ಕಾಯುವಿಕೆಯನ್ನು ಬಿಟ್ಟುಬಿಡುವ ಆಸೆ ಎಲ್ಲರಿಗೂ ಬರುತ್ತದೆ. ಬಿಡಬೇಡಿ. ನಾಟಿ ಗದ್ದೆಯಲ್ಲಿ ಸಸಿಗೆ ಕಳೆಗಿಂತ ಮೂರು ವಾರದ ಮುಂಗಡ ಇರುತ್ತದೆ, ನಿಂತ ನೀರು ಕಳೆ ಮೊಳೆಯುವುದನ್ನು ತಡೆಯುತ್ತದೆ. ನೇರ ಬಿತ್ತನೆಯಲ್ಲಿ ಭತ್ತ, ಕಳೆ ಎರಡೂ ಒಂದೇ ದಿನ ಹುಟ್ಟುತ್ತವೆ, ನೀರೂ ಇರುವುದಿಲ್ಲ. ಹುಲ್ಲಿನ ಜಾತಿಯ ಕಳೆ, ಜೇಕು, ಅದಕ್ಕಿಂತ ಮುಖ್ಯವಾಗಿ ಹಿಂದಿನ ಬೆಳೆಯಲ್ಲಿ ಉದುರಿದ ಭತ್ತ ಮತ್ತು ಕಾಡುಭತ್ತ ಈ ತೇವದಲ್ಲಿ ಮೊಳೆಯುತ್ತವೆ. ಭತ್ತವನ್ನು ಭತ್ತದಿಂದ ಬೇರ್ಪಡಿಸಿ ಕೊಲ್ಲುವ ಔಷಧಿ ಸಾಮಾನ್ಯ ತಳಿಗಳಲ್ಲಿ ಇಲ್ಲವಾದ್ದರಿಂದ ಉದುರು ಭತ್ತವನ್ನು ಮುಗಿಸಲು ಇದೊಂದೇ ಅವಕಾಶ. ವರ್ಷಕ್ಕೆ ಎರಡು ಭತ್ತ ಬೆಳೆಯುವ ಈ ಭಾಗದಲ್ಲಿ ಹಿಂದಿನ ತಳಿಯ ಕಾಳು ಸೋನಾ ಮಸೂರಿಯಲ್ಲಿ ಬೆರೆತರೆ ದರ ಬೀಳುತ್ತದೆ, ಬೀಜೋತ್ಪಾದನೆಯ ಗದ್ದೆಯಾದರೆ ಪೂರ್ತಿ ತಿರಸ್ಕಾರವೇ ಆಗಬಹುದು.

ಎರಡನೇ ಕೆಸರು ಮತ್ತು ಹಲಗೆ

ಬಿತ್ತನೆಗೆ ಎರಡು ಮೂರು ದಿನ ಮೊದಲು, ಎದ್ದ ಕಳೆಯನ್ನು ಮಣ್ಣಿಗೆ ತುಳಿಯುವಷ್ಟೇ ಮೇಲುಮೇಲೆ ಒಂದು ಸಾಲು ಹೊಡೆಯಬೇಕು. ಆಳಕ್ಕೆ ಹೋದರೆ ಕೆಳಗಿನ ಕಳೆಬೀಜ ಮತ್ತೆ ಮೇಲೆ ಬಂದು, ಹತ್ತು ದಿನ ಕಾದದ್ದು ವ್ಯರ್ಥ.

ತಳಗೊಬ್ಬರ ಸೇರಿಸುವುದು ಈಗ, ಹಲಗೆಗೆ ಮುಂಚೆ. ರಂಜಕ ಮತ್ತು ಪೊಟ್ಯಾಷ್ ಕೆಸರಿನಲ್ಲಿ ಬೆರೆಯಬೇಕು. ಬಿತ್ತಿದ ಮೇಲೆ ಮೇಲ್ಮೈಗೆ ಎರಚಿದ ರಂಜಕ ಪಾಚಿಗೆ ಊಟವಾಗುತ್ತದೆ. ಆ ಪಾಚಿ ಚಾಪೆಯಂತೆ ಹರಡಿ, ನೀರು ಬಿಟ್ಟಾಗ ಎಳೆ ಸಸಿಗಳನ್ನು ಬೇರುಸಮೇತ ಎತ್ತಿಬಿಡುತ್ತದೆ. ಯೂರಿಯಾವನ್ನು ಮಾತ್ರ ತಳಕ್ಕೆ ಹಾಕಬೇಡಿ. ಕಾರಣ ಹೀಗೆ: ಬಿತ್ತಿದ ಮೇಲಿನ ಹತ್ತು ದಿನ ಗದ್ದೆಗೆ ಒಮ್ಮೆ ನೀರು, ಒಮ್ಮೆ ಗಾಳಿ. ಗಾಳಿ ಸಿಕ್ಕಾಗ ಅಮೋನಿಯಾ ರೂಪದ ಸಾರಜನಕ ನೈಟ್ರೇಟ್ ಆಗುತ್ತದೆ, ನೀರು ನಿಂತಾಗ ಆ ನೈಟ್ರೇಟ್ ಅನಿಲವಾಗಿ ಹಾರಿಹೋಗುತ್ತದೆ. ಮೊಳಕೆಗೆ ಮೊದಲ ದಿನಗಳಲ್ಲಿ ಬೇಕಾದ ಆಹಾರ ಕಾಳಿನಲ್ಲೇ ಇರುತ್ತದೆ. ಡಿಎಪಿ (ರಂಜಕದ ಜೊತೆ ಸಾರಜನಕವೂ ಇರುವ ಗೊಬ್ಬರ) ಹಾಕಿದ್ದರೆ ಚೀಲವೊಂದಕ್ಕೆ 9 ಕಿಲೋ ಸಾರಜನಕ ಹೇಗೂ ಬಂದಿರುತ್ತದೆ. ಯೂರಿಯಾದ ಮೊದಲ ಕಂತು, ಗದ್ದೆಯಲ್ಲಿ ನೀರು ಕಟ್ಟಲು ಶುರುಮಾಡಿದ ಮೇಲೆ, 15 ದಿನದ ಹೊತ್ತಿಗೆ ಸಾಕು.

ಸುಣ್ಣದ ಅಂಶವಿರುವ ಎರೆಯಲ್ಲಿ ಸತುವಿನ ಕೊರತೆ ಸಾಮಾನ್ಯ. ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಕಂಡು ಬೆಳೆ ಕುಗ್ಗಿ ನಿಲ್ಲುತ್ತದೆ. ಎಕರೆಗೆ 8ರಿಂದ 10 ಕಿಲೋ ಜಿಂಕ್ ಸಲ್ಫೇಟ್ ಕೊಡಬೇಕು, ಆದರೆ ಡಿಎಪಿ, ಸೂಪರ್ ಫಾಸ್ಫೇಟ್‌ಗಳ ಜೊತೆ ಒಂದೇ ರಾಶಿಯಲ್ಲಿ ಬೆರೆಸಿ ಎರಚಬಾರದು. ಎರಡೂ ಸೇರಿ ಕರಗದ ರೂಪಕ್ಕೆ ಹೋಗುತ್ತವೆ. ಒಂದೆರಡು ದಿನದ ಅಂತರ ಇಡಿ, ಜಿಂಕನ್ನು ಮರಳು ಅಥವಾ ಪುಡಿಗೊಬ್ಬರದಲ್ಲಿ ಬೆರೆಸಿ ಎರಚಿ.

ಹಲಗೆ ಹೊಡೆಯುವಾಗ ನೀರು ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಆ ತೆಳು ನೀರೇ ಮಟ್ಟದ ಕನ್ನಡಿ. ನೀರಿನಿಂದ ತಲೆಯೆತ್ತಿರುವುದು ದಿಬ್ಬ, ಆಕಾಶ ಹೊಳೆಯುವುದು ತಗ್ಗು. ದಿಬ್ಬದಿಂದ ತಗ್ಗಿನ ಕಡೆಗೆ ಕೆಸರನ್ನು ಎಳೆಯಬೇಕು. ಟ್ರ್ಯಾಕ್ಟರ್ ತಿರುಗುವ ಮೂಲೆಗಳಲ್ಲಿ ಮಣ್ಣು ಗುಡ್ಡೆಯಾಗಿರುತ್ತದೆ, ಅಲ್ಲಿ ಸಲಿಕೆ ಹಿಡಿದೇ ಸರಿಮಾಡಬೇಕು. ಕೊನೆಯ ಸುತ್ತಿನಲ್ಲಿ ಗಾಲಿಯ ಗುರುತು ಉಳಿಯದಂತೆ ಎತ್ತು ಅಥವಾ ಸಣ್ಣ ಟಿಲ್ಲರ್‌ನಿಂದ ಹಲಗೆ ಎಳೆಸಿದರೆ ಚೆನ್ನ. ಗಾಲಿಯ ಗುರುತಿನಲ್ಲಿ ನೀರು ನಿಂತು, ಅದೇ ಸಾಲಿಗೆ ಉದ್ದಕ್ಕೂ ಬೀಜ ಸತ್ತಿರುವುದನ್ನು ಆಮೇಲೆ ದೂರದಿಂದಲೇ ನೋಡಬಹುದು.

ಹದ ಬಂದಿದೆಯೇ?

ಹಲಗೆ ಮುಗಿದ ಮೇಲೆ ಕೆಸರನ್ನು ಮುಟ್ಟದೆ ಬಿಡಬೇಕು. ಎಷ್ಟು ಹೊತ್ತು? ಮರಳು ಮಿಶ್ರಿತ ಗದ್ದೆಗೆ ಅರ್ಧ ದಿನ ಸಾಕಾದರೆ ಎರೆಗೆ 24ರಿಂದ 48 ಗಂಟೆ ಹಿಡಿಯುತ್ತದೆ. ಎರೆಯಲ್ಲೂ ಮಡಿಯಿಂದ ಮಡಿಗೆ ವ್ಯತ್ಯಾಸ ಇರುವುದರಿಂದ ಗಡಿಯಾರ ನಂಬುವುದಕ್ಕಿಂತ ಕೆಸರನ್ನೇ ಕೇಳುವುದು ಒಳ್ಳೆಯದು.

ಮೇಲಿನ ನೀರು ತಿಳಿಯಾಗಿರಬೇಕು. ರಾಡಿಯಾಗಿದ್ದರೆ ಜೇಡಿ ಇನ್ನೂ ತೇಲುತ್ತಿದೆ ಎಂದರ್ಥ. ಈಗ ನೀರು ಹೊರಗೆ ಬಿಟ್ಟರೆ ಗದ್ದೆಯ ಅತ್ಯುತ್ತಮ ಮಣ್ಣೇ ಹಳ್ಳಕ್ಕೆ ಹೋಗುತ್ತದೆ. ಬಿಡದೆ ಬಿತ್ತಿದರೆ ತೇಲುವ ಜೇಡಿ ಬೀಜದ ಮೇಲೆ ಕೂತು ಚರ್ಮದಂಥ ಪದರವಾಗುತ್ತದೆ. ತಿಳಿಯಾದ ಮೇಲೆ ನಿಧಾನವಾಗಿ ನೀರು ಬಸಿದು, ಬೆರಳಿನಿಂದ ಕೆಸರಿನ ಮೇಲೆ ಒಂದು ಗೇಣುದ್ದ ಗೆರೆ ಎಳೆಯಿರಿ, ಎರಡು ಸೆಂಟಿಮೀಟರ್ ಆಳಕ್ಕೆ. ಗೆರೆ ಎಳೆದ ಹಾಗೆಯೇ ಮುಚ್ಚಿಕೊಂಡರೆ ಇನ್ನೂ ಅಂಬಲಿ. ಅಂಚು ನಿಂತು, ನೋಡುತ್ತಿರುವಂತೆ ಮೆಲ್ಲಗೆ ಒಳಕ್ಕೆ ಬಾಗಿದರೆ ಹದ. ಅಂಚು ಚೂಪಾಗಿ ಹಾಗೆಯೇ ನಿಂತರೆ ತಡವಾಗಿದೆ. ಆಮೇಲೆ ಒಂದು ಹಿಡಿ ಮೊಳಕೆ ಬೀಜವನ್ನು ಸೊಂಟದ ಎತ್ತರದಿಂದ ಬಿಟ್ಟು ನೋಡಿ. ಕಾಳುಗಳು ಅರ್ಧ ಹೂತು ಅರ್ಧ ಕಾಣುತ್ತಿರಬೇಕು. ಒಂದೂ ಕಾಣದಿದ್ದರೆ ಇನ್ನೊಂದು ರಾತ್ರಿ ಕಾಯಿರಿ. ಎಲ್ಲವೂ ಮೇಲೆ ಉರುಳಾಡುತ್ತಿದ್ದರೆ ಬೇರು ಮೇಲೆಯೇ ಉಳಿದು ಬೆಳೆ ಮುಂದೆ ಗಾಳಿಗೆ ಮಲಗುತ್ತದೆ, ಹಕ್ಕಿಗೂ ಸುಲಭದ ಊಟ. ಹಾಗೆ ಗಟ್ಟಿಯಾದ ಗದ್ದೆಗೆ ತೆಳುವಾಗಿ ನೀರು ಹಾಯಿಸಿ, ಹಲಗೆಯನ್ನು ಹಗುರವಾಗಿ ಒಮ್ಮೆ ಎಳೆದು, ಮತ್ತೆ ಕೂರಲು ಬಿಡಬೇಕು.

ಕೆಸರಿಗೂ ಬೀಜಕ್ಕೂ ಹೊಂದಿಕೆ ತಪ್ಪುವುದು ಬಹಳ ಕಡೆ ಕಾಣುವ ತೊಂದರೆ. ಬೀಜಕ್ಕೆ 24 ಗಂಟೆ ನೆನೆ, 24 ಗಂಟೆ ಗೋಣಿಚೀಲದಲ್ಲಿ ಕಾವು ಬೇಕು. ಕೆಸರು ಕೂರಲು ಬೇಕಾದದ್ದೂ ಸುಮಾರು ಅಷ್ಟೇ. ಆದ್ದರಿಂದ ಹಲಗೆ ಹೊಡೆದು ಮುಗಿಸಿದ ಸಂಜೆಯೇ ಬೀಜ ನೆನೆಹಾಕಿ, ಅದಕ್ಕೆ ಮುಂಚೆ ಬೇಡ. ಟ್ರ್ಯಾಕ್ಟರ್ ನಾಳೆ ಬರುತ್ತದೆ ಎಂಬ ಮಾತಿನ ಮೇಲೆ ನೆನೆಹಾಕಿದ ಬೀಜ ಎಷ್ಟೋ ಸಲ ಉದ್ದ ಮೊಳಕೆ ಬಿಟ್ಟು ಹಾಳಾಗುತ್ತದೆ. ಮೊಳಕೆ ಕಾಳಿನ ಮೈಯಿಂದ ಬಿಳಿ ಚುಕ್ಕೆಯಂತೆ ಇಣುಕಿ, ಒಂದೆರಡು ಮಿಲಿಮೀಟರ್ ಆಗಿದ್ದರೆ ಸಾಕು. ಉದ್ದವಾದರೆ ಒಂದಕ್ಕೊಂದು ಹೆಣೆದುಕೊಂಡು ಡ್ರಮ್ಮಿನ ತೂತು ಕಟ್ಟುತ್ತವೆ, ತುದಿ ಮುರಿಯುತ್ತದೆ. ಕೆಸರು ಒಂದು ದಿನ ತಡವಾದರೆ ಬೀಜವನ್ನು ನೆರಳಿನಲ್ಲಿ ತೆಳ್ಳಗೆ ಹರಡಿ ತಣ್ಣಗಿಡಿ. ಮೊಳಕೆಯ ಓಟ ನಿಧಾನವಾಗುತ್ತದೆ. ಡಿಸೆಂಬರ್, ಜನವರಿಯ ಬೇಸಿಗೆ ಬೆಳೆಗೆ ರಾತ್ರಿ ಚಳಿ ಇರುವುದರಿಂದ ಕಾವಿಗೆ 36ರಿಂದ 48 ಗಂಟೆ ಹಿಡಿಯಬಹುದು, ಆಗ ಮಾತ್ರ ಹೆಚ್ಚಾದಷ್ಟು ಹೊತ್ತು ಮೊದಲೇ ನೆನೆಹಾಕಿ. ಚಳಿ ಒಂದನ್ನು ಬಿಟ್ಟರೆ, ಈ ವಿಧಾನವನ್ನು ಮೊದಲ ಸಲ ಮಾಡುವವರಿಗೆ ಬೇಸಿಗೆ ಬೆಳೆಯೇ ಅನುಕೂಲ. ಜುಲೈ, ಆಗಸ್ಟ್‌ನಲ್ಲಿ ಬಿತ್ತಿದ ರಾತ್ರಿಯೇ ಜೋರು ಮಳೆ ಸುರಿದರೆ ಸಾಲು ಕಲಸಿಹೋಗುತ್ತದೆ.

ಕಾಲುವೆ, ಬಿತ್ತನೆ, ಮೊದಲ ಹತ್ತು ದಿನ

ನೀರು ಬಸಿದ ಕೂಡಲೇ, ಬಿತ್ತುವ ಮುನ್ನ, ಮಡಿಯೊಳಗೆ ಬಸಿಗಾಲುವೆ ತೆಗೆಯಬೇಕು. ಬದುವಿನ ಒಳಗೆ ಸುತ್ತಲೂ ಒಂದು, ಗೇಣಗಲ, ಅರ್ಧ ಗೇಣು ಆಳ. ನಡುವೆ ಸುಮಾರು ಮೂರೂಕಾಲು ಮೀಟರಿಗೆ ಒಂದರಂತೆ ಸಣ್ಣವು. ಆ ಅಳತೆ ಏಕೆಂದರೆ, ಎಂಟು ಸಾಲಿನ ಡ್ರಮ್ ಸೀಡರ್ 20 ಸೆಂಟಿಮೀಟರ್ ಅಂತರದಲ್ಲಿ ಬಿತ್ತುತ್ತ ಒಂದು ಸುತ್ತಿಗೆ 1.6 ಮೀಟರ್ ಅಗಲ ಮುಗಿಸುತ್ತದೆ. ಎರಡು ಸುತ್ತಿಗೆ ಒಂದರಂತೆ ಕಾಲುವೆ ಬಂದರೆ ಅದೇ ಮುಂದೆ ಗೊಬ್ಬರ, ಔಷಧಿಗೆ ಓಡಾಡುವ ದಾರಿಯೂ ಆಗುತ್ತದೆ. ಸಲಿಕೆ ಬೇಕಿಲ್ಲ. ಚೀಲದಲ್ಲಿ ಹತ್ತಿಪ್ಪತ್ತು ಕಿಲೋ ಮರಳು ತುಂಬಿ ಹಗ್ಗ ಕಟ್ಟಿ ಎಳೆದರೆ ಹದದ ಕೆಸರಿನಲ್ಲಿ ನುಣುಪಾದ ಕಾಲುವೆ ಬೀಳುತ್ತದೆ. ಎಳೆದ ಹಿಂದೆಯೇ ಮುಚ್ಚಿಕೊಂಡರೆ ಹದ ಇನ್ನೂ ಬಂದಿಲ್ಲ ಎಂಬುದಕ್ಕೆ ಅದೂ ಒಂದು ಸೂಚನೆ. ಎಲ್ಲ ಕಾಲುವೆಗಳೂ ಹೊರಬಾಯಿಗೆ ಸೇರಬೇಕು, ಹೊರಬಾಯಿ ಮಡಿಯ ಅತ್ಯಂತ ತಗ್ಗಿನ ಮೂಲೆಯಲ್ಲಿರಬೇಕು.

ಬೀಜ ಎಕರೆಗೆ 8ರಿಂದ 12 ಕಿಲೋ. ಸಣ್ಣ ಕಾಳಿನ ತಳಿಗಳಿಗೆ ಕೆಳಗಿನ ಅಂಕಿ ಸಾಕು. ತುಂಬುವ ಮುಂಚೆ ಅರ್ಧ ಗಂಟೆ ನೆರಳಿನಲ್ಲಿ ಆರಿಸಿ, ಕೈಗೆ ಅಂಟದಂತಾಗಬೇಕು. ಡ್ರಮ್ಮನ್ನು ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಿದರೆ ಒಳಗೆ ಬೀಜ ಹೊರಳಲು ಜಾಗವಿಲ್ಲದೆ ಕಡಿಮೆ ಬೀಳುತ್ತದೆ. ಖಾಲಿಯಾಗುತ್ತ ಬಂದಾಗ ಹೆಚ್ಚು ಬೀಳುತ್ತದೆ. ಕಾಲು ಭಾಗಕ್ಕೆ ಇಳಿದ ಕೂಡಲೇ ಮತ್ತೆ ತುಂಬಿಸಿಕೊಂಡರೆ ಸಾಲು ಒಂದೇ ಸಮ ಬರುತ್ತದೆ. ಎಳೆಯುವವರು ನಡುವೆ ನಿಲ್ಲದೆ ಒಂದೇ ವೇಗದಲ್ಲಿ ನಡೆಯಬೇಕು.

ಬಿತ್ತಿದ ಮೇಲೆ ಎರಡು ಮೂರು ದಿನ ಗದ್ದೆಗೆ ನೀರಿಲ್ಲ, ಪಸೆ ಮಾತ್ರ. ಬೇರು ಕೆಳಗೆ ಹಿಡಿಯುವ ಕಾಲ ಅದು. ಮಳೆ ಬಂದರೆ ಹೊರಬಾಯಿ ತೆರೆದು ಅದೇ ದಿನ ನೀರು ಹೋಗುವಂತೆ ನೋಡಿಕೊಳ್ಳಿ. ಬಿಸಿಲು ಜೋರಾಗಿ ಮೇಲೆ ಕೂದಲಿನಂಥ ಬಿರುಕು ಕಾಣಿಸಿದರೆ ಬಸಿಗಾಲುವೆಗಳಲ್ಲಷ್ಟೇ ನೀರು ತುಂಬಿಸಿ. ಪಕ್ಕದಿಂದ ತೇವ ಏರುತ್ತದೆ, ಬೀಜ ಮುಳುಗುವುದಿಲ್ಲ. ಎರೆಯಲ್ಲಿ ಬಿರುಕನ್ನು ಅಗಲವಾಗಲು ಬಿಟ್ಟರೆ ಎಳೆಬೇರು ಹರಿಯುತ್ತದೆ, ಆಮೇಲೆ ಕೊಟ್ಟ ನೀರೆಲ್ಲ ಪಾತಾಳಕ್ಕೆ.

ಕಳೆನಾಶಕದ ವಿಷಯದಲ್ಲಿ ಅಂಗಡಿಯಲ್ಲಿ ಒಂದು ಮಾತು ಸ್ಪಷ್ಟವಾಗಿ ಕೇಳಬೇಕು. ಪ್ರೆಟಿಲಾಕ್ಲೋರ್ ಎರಡು ರೂಪದಲ್ಲಿ ಸಿಗುತ್ತದೆ. ನಾಟಿಗೆ ಬಳಸುವ ಸಾಮಾನ್ಯ ರೂಪ ಮೊಳಕೆ ಭತ್ತವನ್ನೂ ಸುಡುತ್ತದೆ. ನೇರ ಬಿತ್ತನೆಗೆ ಬೇಕಾದದ್ದು ಭತ್ತವನ್ನು ಕಾಯುವ ಸೇಫ್ನರ್ ಬೆರೆಸಿದ 30.7 ಇಸಿ ರೂಪ. ಅದನ್ನು ಎಕರೆಗೆ 600 ಮಿಲಿಲೀಟರಿನಂತೆ, ಬಿತ್ತಿದ 3ರಿಂದ 5 ದಿನದೊಳಗೆ, ಪಸೆಯ ಮೇಲೆ ಸಿಂಪಡಿಸುತ್ತಾರೆ. ಡಬ್ಬಿಯ ಮೇಲಿನ ಸೂಚನೆ ಓದಿಯೇ ಮುಂದುವರಿಯಿರಿ. ಆಗ ತಗ್ಗುಗಳಲ್ಲಿ ನೀರು ನಿಂತಿದ್ದರೆ ಔಷಧಿ ಅಲ್ಲಿ ಹೆಚ್ಚು ಸೇರಿ ಭತ್ತ ಹಳದಿಯಾಗುತ್ತದೆ, ದಿಬ್ಬ ಒಣಗಿದ್ದರೆ ಕಳೆ ಉಳಿಯುತ್ತದೆ. ಮಟ್ಟ ತಪ್ಪಿದ ಗದ್ದೆ ಇಲ್ಲೂ ಲೆಕ್ಕ ತೀರಿಸಿಕೊಳ್ಳುತ್ತದೆ.

ಎರಡನೇ ಎಲೆ ಬಿಚ್ಚಿದ ಮೇಲೆ, ಎಂಟರಿಂದ ಹತ್ತನೇ ದಿನಕ್ಕೆ, ಎರಡು ಸೆಂಟಿಮೀಟರ್ ನೀರಿನಿಂದ ಶುರುಮಾಡಿ ಬೆಳೆ ಎದ್ದಂತೆ ಐದರವರೆಗೆ ಏರಿಸಬಹುದು. ಪಾಚಿ ಕಂಡರೆ ಒಂದೆರಡು ದಿನ ನೀರು ತೆಗೆದರೆ ಒಣಗಿ ಕೂರುತ್ತದೆ.

ನೀರು ತಿಳಿಯಾಗದ ಮಡಿ

ಕೆಲವು ಮಡಿಗಳಲ್ಲಿ ಮೂರು ದಿನವಾದರೂ ನೀರು ಚಹಾದ ಬಣ್ಣದಲ್ಲೇ ಇರುತ್ತದೆ, ಹದ ಬರುವುದೇ ಇಲ್ಲ. ಕಾಲುವೆ ನೀರು ಹಲವು ದಶಕ ಹರಿದ ಅಚ್ಚುಕಟ್ಟಿನಲ್ಲಿ ಬಸಿಯುವ ದಾರಿಯಿಲ್ಲದ ತಗ್ಗುಗಳು ಸವಳಾಗಿರುವುದು (ಉಪ್ಪು ಸೇರಿ ಕೆಟ್ಟಿರುವುದು) ಹೊಸತಲ್ಲ. ಅದರಲ್ಲಿ ಸೋಡಿಯಂ ಹೆಚ್ಚಾದ ಮಣ್ಣು ಈ ಕೆಲಸಕ್ಕೆ ಕಷ್ಟದ್ದು: ಸೋಡಿಯಂ ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟಗೊಡದೆ ದೂರವಿಡುತ್ತದೆ, ಹಾಗಾಗಿ ಅವು ಗುಂಪಾಗಿ ಕೆಳಗಿಳಿಯುವುದಿಲ್ಲ. ಮನೆಯಲ್ಲೇ ಗೊತ್ತುಮಾಡಿಕೊಳ್ಳಬಹುದು. ಒಣಗಿದ ಸಣ್ಣ ಹೆಂಟೆಯೊಂದನ್ನು ಗಾಜಿನ ಲೋಟದ ಮಳೆನೀರಿಗೆ ಮೆಲ್ಲಗೆ ಬಿಟ್ಟು ಅಲುಗಿಸದೆ ಇಡಿ. ಹೆಂಟೆ ಕುಸಿದು ಸುತ್ತಲಿನ ನೀರು ತಿಳಿಯಾಗಿಯೇ ಉಳಿದರೆ ಚಿಂತೆಯಿಲ್ಲ. ಕೆಲವು ಗಂಟೆಗಳಲ್ಲಿ ಅದರ ಸುತ್ತ ಹೊಗೆಯಂತೆ ರಾಡಿ ಹರಡಿದರೆ ಮಣ್ಣು ಪರೀಕ್ಷೆ ಮಾಡಿಸಲೇಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಗಂಗಾವತಿ ಸಂಶೋಧನಾ ಕೇಂದ್ರ ಸವಳು ಮಣ್ಣಿನ ಮೇಲೆಯೇ ಕೆಲಸ ಮಾಡುತ್ತದೆ. ಪರೀಕ್ಷೆಯ ವರದಿ ಹೇಳಿದಷ್ಟು ಜಿಪ್ಸಮ್ ಹಾಕಿ, ಮಡಿಯಲ್ಲಿ ನೀರು ಕಟ್ಟಿ, ಬಸಿದು ಹೋಗಲು ದಾರಿ ಮಾಡಿಕೊಡಬೇಕು. ಜಿಪ್ಸಮ್ಮಿನ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ಬಿಡುಗಡೆಯಾದ ಸೋಡಿಯಂ ಹೊರಗೆ ಹೋಗದಿದ್ದರೆ ಹಾಕಿದ ಜಿಪ್ಸಮ್ ದಂಡ. ಅಂಥ ಮಡಿಯಲ್ಲಿ ಸುಧಾರಣೆ ಆಗುವವರೆಗೆ ನಾಟಿಯನ್ನೇ ಮುಂದುವರಿಸುವುದು ಜಾಣತನ. ಅದೂ 25 ದಿನಕ್ಕಿಂತ ಬಲಿತ ಸಸಿ, ಗುಣಿಗೆ ಒಂದೆರಡು ಹೆಚ್ಚು.

ಚೆನ್ನಾಗಿ ಸಿದ್ಧ ಮಾಡಿದ ಗದ್ದೆಯಲ್ಲೂ ಅಲ್ಲಲ್ಲಿ ಖಾಲಿ ಬೀಳುತ್ತದೆ. 15ರಿಂದ 20 ದಿನದ ನಡುವೆ ಸಾಲಿನಲ್ಲಿ ಒತ್ತಾಗಿ ಬಂದಿರುವ ಕಡೆಯಿಂದ ಮಣ್ಣಿನ ಸಮೇತ ಕಿತ್ತು ಆ ಜಾಗಗಳಿಗೆ ಹಚ್ಚಿ. ಹಚ್ಚುವಾಗ ಖಾಲಿ ಬಿದ್ದದ್ದು ದಿಬ್ಬದಲ್ಲೋ, ತಗ್ಗಿನಲ್ಲೋ, ಗಾಲಿಯ ಗುರುತಿನಲ್ಲೋ ಎಂದು ನೋಡಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಬೇಸಿಗೆಯಲ್ಲಿ ಲೆವೆಲರ್ ಚಾಲಕನಿಗೆ ತೋರಿಸಬೇಕಾದ ನಕ್ಷೆ ಅದೇ.